ತಾಯಿಗೆಂದು ಆರಿಸಿದ ಕಾರು

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಪಕ್ಕದ ಮನೆಯವರು ಜೀನ್ಸ್ ಹೊಲಿಸುವ ಸಣ್ಣ ಘಟಕ ನಡೆಸುತ್ತಿದ್ದರು. ಮಾತಿಗೆ ನಿಂತರೆ ಕನ್ನಡಕ ಹಣೆಗೇರುತ್ತಿತ್ತು. ವಯಸ್ಸಾದ ತಾಯಿ ಸಿರುಗುಪ್ಪದ ಮಗಳ ಮನೆಗೆ ಬಸ್ಸಿನಲ್ಲಿ ನೂಕಾಡಿಕೊಂಡು ಹೋಗುವುದನ್ನು ನೋಡಲಾರದೆ, ಅವರು ಕಾರು ಕೊಳ್ಳಲು ಹೊರಟರು.

ಕೈಗೆಟಕುವ ಬೆಲೆಯ, ಒಳ್ಳೆಯ ಮೈಲೇಜ್ ಕೊಡುವ, ಮನೆಮಂದಿಯೆಲ್ಲ ಕೂರುವಂಥ ಸೆಡಾನ್ ಬೇಕಿತ್ತು. ಷೋರೂಮಿಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಡಿಕ್ಕಿ ತೆಗೆಸಿ ನೋಡುವರು. ಪೆಟ್ರೋಲ್ ಬಂಕಿನಲ್ಲಿ ಅಪರಿಚಿತರನ್ನೂ ನಿಲ್ಲಿಸಿ ವಿಚಾರಿಸುವರು. ನಾನು ಬೇಸತ್ತರೆ, "ಅವಸರ ಬ್ಯಾಡ್ರಿ ಸರ್, ಎಲ್ಲಾ ನೋಡೇ ತಗಳ್ಳಾಣ" ಎನ್ನುವರು.

ಕೊನೆಗೆ ಬಿಳಿ ಸೆಡಾನ್ ಬಂತು. ಪೂಜೆ ಮಾಡಿಸಿ, ತಾಯಿಯನ್ನು ಕೂರಿಸಿಕೊಂಡು ಸಿರುಗುಪ್ಪಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ಮಗಳ ಮನೆಯ ಮುಂದೆ ಕಾರು ನಿಂತಿತು. ಸೀಟು ತೀರಾ ತಗ್ಗು. ಮೊಣಕಾಲು ನೋವಿನ ಆ ತಾಯಿಗೆ ಮೇಲೇಳಲು ಆಗಲೇ ಇಲ್ಲ. ನಾವಿಬ್ಬರೂ ರಟ್ಟೆ ಹಿಡಿದು ಎಳೆಯುವಾಗ ಸೆರಗು ಜಾರಿತು. ಓಣಿಯ ಮಂದಿ ನಿಂತು ನೋಡುತ್ತಿದ್ದರು.

ತಾಯಿ ಸೆರಗು ಸರಿಮಾಡಿಕೊಂಡು ಮಗನಿಗೆ ಮೆಲ್ಲಗೆ ಹೇಳಿದರು: "ಕಾರು ಚಲೋ ಐತಿ ಯಪ್ಪಾ. ಆದ್ರ ನಾ ಬಸ್ಸಿಗೇ ಬರ್ತೀನಿ. ಬಸ್ಸಿನ್ಯಾಗ ಕಂಬಿ ಹಿಡ್ಕಂಡು ನನ್ನಷ್ಟಕ್ಕ ನಾನು ಏಳ್ತೀನಿ."

ಯಾರು ಹೇಳಿದರೂ ಕೇಳದೆ ಸಂಜೆ ಬಸ್ಸು ಹತ್ತಿದರು. ನಾವಿಬ್ಬರು ಕಾರಿನಲ್ಲಿ ಆ ಬಸ್ಸಿನ ಹಿಂದೆ ಹೊರಟೆವು. ದಾರಿಯಲ್ಲಿ ಪಕ್ಕದ ಮನೆಯವರು ಹೇಳಿದರು:

"ಎಲ್ಲಾ ನೋಡಿದೆ ಸರ್. ಅವ್ವನ್ನ ಒಂದ್ಸಲ ಕುಂದ್ರಿಸಿ ನೋಡಲಿಲ್ಲ."

ರಸ್ತೆ ಖಾಲಿಯಿತ್ತು. ಆದರೂ ಬಳ್ಳಾರಿ ಮುಟ್ಟುವವರೆಗೆ ಅವರು ಆ ಬಸ್ಸನ್ನು ದಾಟಲಿಲ್ಲ.