ಕುರ್ಚಿಯಿಂದ ಏಳುವ ಹೊತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಹಡಿಯಲ್ಲಿ ಐಸಮ್ಮ ತಮ್ಮ ನೀಲಿ ಡಬ್ಬಕ್ಕೆ ಐಸ್ ಚೂರು ತುಂಬುತ್ತಿದ್ದಾರೆ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಆದರೆ ಈ ಕಟ್ಟಡದಲ್ಲಿ ಅದನ್ನು ಬಲ್ಲವರು ಸಂಬಳದ ಗುಮಾಸ್ತರೊಬ್ಬರೇ. ಮಂಡಿ ಬದಲಾಯಿಸಿಕೊಳ್ಳಲು ಬಂದವರ ರಕ್ತವನ್ನು ಕೆಡದಂತೆ ಮೇಲಿನ ಪ್ರಯೋಗಾಲಯಕ್ಕೆ ಮುಟ್ಟಿಸುವುದು ಇವರ ಕೆಲಸ. ಲಿಫ್ಟ್ ಇದೆ, ಅದು ಮನಸ್ಸು ಬಂದಾಗ ಮಾತ್ರ ಮೇಲೇರುತ್ತದೆ. ಐಸಮ್ಮ ಮೆಟ್ಟಿಲನ್ನೇ ನಂಬಿದ್ದಾರೆ.

ಆಪರೇಷನ್ ಆಗಿ ಆರು ತಿಂಗಳು ಕಳೆದವರು ಮತ್ತೆ ರಕ್ತ ಕೊಡಲು ಬರುವ ದಿನ ಇದು. ಬರುವವರಲ್ಲಿ ಐಸಮ್ಮನ ಸ್ವಂತ ಅಕ್ಕನೂ ಇದ್ದಾರೆ.

ಹೊಸ ಮಂಡಿ ಹಾಕಿಸಿಕೊಂಡ ಹೆಚ್ಚಿನವರು ಆರಾಮವಾಗಿ ಓಡಾಡುತ್ತಾರೆ. ಕೆಲವರಿಗೆ ಮಾತ್ರ ಗಾಯ ಮಾಗಿದರೂ, ಎಕ್ಸ್‌-ರೇಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ನೋವು ಬಿಡುವುದಿಲ್ಲ. ಅದೇಕೆಂದು ಇಲ್ಲಿ ಹುಡುಕುತ್ತಿದ್ದಾರೆ. ಪ್ರಯೋಗಾಲಯದ ಮೇಡಂ ಹೇಳಿಕೊಟ್ಟದ್ದನ್ನು ಐಸಮ್ಮ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಜೀನ್ ಅಂತ ಇರ್ತವಲ್ಲ, ಎಲ್ಲಾ ಒಂದೇ ಸಲ ಕೆಲಸ ಮಾಡಲ್ವಂತೆ. ಕೆಲವು ಎದ್ದಿರ್ತವೆ, ಕೆಲವು ಮಲಗಿರ್ತವೆ. ನೋವು ಉಳ್ಕೊಂಡೋರಲ್ಲಿ ಯಾವುದು ಎದ್ದು ಕೂತಿದೆ, ಆಪರೇಷನ್‌ಗೆ ಮುಂಚೆನೂ ಎದ್ದೇ ಇತ್ತಾ ಅಂತ ನೋಡ್ತಾರೆ. ಇನ್ನೂ ಗೊತ್ತಾಗಿಲ್ಲ."

ಬಂದವರನ್ನು ಕುರ್ಚಿಯಲ್ಲಿ ಕೂರಿಸುವುದೂ ಇವರೇ. "ಹೇಗಿದೀರಿ ಅಂದ್ರೆ ಎಲ್ಲರೂ ಚೆನ್ನಾಗಿದೀನಿ ಅಂತಾರೆ. ಕರ್ಕೊಂಡು ಬಂದ ಮಕ್ಕಳು ಪಕ್ಕದಲ್ಲೇ ನಿಂತಿರ್ತಾರೆ ನೋಡಿ, ಅವರ ಮನಸ್ಸು ನೋಯಿಸೋದು ಬೇಡ ಅಂತ. ಕುರ್ಚಿಯಿಂದ ಹೇಗೆ ಏಳ್ತಾರೆ ಅಂತ ನಾನು ನೋಡ್ತೀನಿ." ನೋವಿದ್ದವರು ಮೊದಲು ಕುರ್ಚಿಯ ಅಂಚಿಗೆ ಜರುಗುತ್ತಾರೆ, ಎರಡೂ ಕೈ ಊರುತ್ತಾರೆ, ಉಸಿರು ಹಿಡಿಯುತ್ತಾರೆ. ಆಮೇಲೆ ಏಳುತ್ತಾರೆ.

ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದ್ದು ಈ ಅಕ್ಕನೇ, ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ. ನಿಂತು ನಿಂತು ಎರಡೂ ಮಂಡಿ ಸವೆದವು. ಆಪರೇಷನ್ ಎಂದರೆ ಅಕ್ಕನಿಗೆ ಜೀವ ಬಾಯಿಗೆ ಬರುತ್ತಿತ್ತು. ಕಾಡಿ ಬೇಡಿ ಒಂದು ಮಂಡಿಗೆ ಒಪ್ಪಿಸಿದವರು ಐಸಮ್ಮ.

"ನೋವು ಹೋಗುತ್ತೇನೇ ಅಂತ ಒಂದೇ ಮಾತು ಕೇಳಿದ್ಲು. ಹೋಗೇ ಹೋಗುತ್ತೆ ಅಂದ್ಬಿಟ್ಟೆ. ನೋವು ಹೋಗದೇ ಇರೋರನ್ನ ಕಣ್ಣಾರೆ ನೋಡಿದ್ದೆ, ಆದ್ರೂ ಅಂದೆ."

ಅಕ್ಕ ಇರುವುದು ದೂರದಲ್ಲಿ, ಮಗಳ ಮನೆಯಲ್ಲಿ. ಫೋನಿನಲ್ಲಿ ಯಾವಾಗಲೂ ಒಂದೇ ಉತ್ತರ: "ಕುಣೀತಿದೀನಿ ಕಣೇ." ಐಸಮ್ಮನಿಗೆ ಆ ಮಾತನ್ನು ನಂಬುವ ಆಸೆ, ನಂಬಲು ಭಯ.

ಅಕ್ಕ ಬರುತ್ತಾರೆ. ನಡಿಗೆಯಲ್ಲಿ ಕುಂದು ಕಾಣುವುದಿಲ್ಲ. "ಹೆಸರಿಗೆ ಐಸಮ್ಮ, ಡಬ್ಬದಲ್ಲಿ ಒಂದು ಐಸ್‌ಕ್ಯಾಂಡಿನೂ ಇಲ್ವಲ್ಲೇ," ಎಂದು ತಮಾಷೆ ಮಾಡಿ ಕೂರುತ್ತಾರೆ. ನರ್ಸ್ ರಕ್ತ ತೆಗೆದು ಹತ್ತಿ ಒತ್ತುತ್ತಾರೆ. ಇನ್ನು ಏಳಬೇಕು. ನೋಡಬಾರದೆಂದು ಐಸಮ್ಮ ಡಬ್ಬದ ಮುಚ್ಚಳ ಒರೆಸುತ್ತಾರೆ, ಆದರೂ ಕಣ್ಣು ಅತ್ತಲೇ ಹೋಗುತ್ತದೆ.

ಅಕ್ಕ ಅಂಚಿಗೆ ಜರುಗುತ್ತಾರೆ. ಎರಡೂ ಕೈ ಊರುತ್ತಾರೆ. ಉಸಿರು ಹಿಡಿಯುತ್ತಾರೆ.

"ಯಾವಾಗಿಂದ ಅಕ್ಕಾ?"

"ಹೋಗೇ ಇಲ್ಲ ಕಣೇ," ಎನ್ನುತ್ತಾರೆ ಅಕ್ಕ, ಸೆರಗು ಸರಿಮಾಡಿಕೊಳ್ಳುತ್ತಾ. "ನೀನು ಹೋಗುತ್ತೆ ಅಂದಿದ್ಯಲ್ಲ. ನಿನ್ನ ಮಾತು ಸುಳ್ಳಾಗೋದು ಬೇಡ ಅಂತ ಸುಮ್ನಿದ್ದೆ."

ಅಳುತ್ತಾ ನಿಂತರೆ ರಕ್ತ ಕಾಯುವುದಿಲ್ಲ. ಐಸಮ್ಮ ಅಕ್ಕನ ರಕ್ತದ ಟ್ಯೂಬನ್ನು ಐಸಿನೊಳಗೆ ಹುದುಗಿಸಿ ಮೆಟ್ಟಿಲು ಹತ್ತುತ್ತಾರೆ. ಆಪರೇಷನ್‌ಗೆ ಮುಂಚೆ ಅಕ್ಕನ ರಕ್ತ ಹೊತ್ತು ಹತ್ತಿದ್ದೂ ಇದೇ ಮೆಟ್ಟಿಲನ್ನು. ತಿರುವಿನಲ್ಲಿ ಒಂದು ಕ್ಷಣ ನಿಂತಾಗ, ನಿಮ್ಮ ಆಸೆ ಏನು ಎಂದು ಕೇಳಿದರೆ, ಅವರು ಡಬ್ಬವನ್ನು ಎದೆಗೊತ್ತಿಕೊಂಡು ಹೇಳುತ್ತಾರೆ:

"ನೋವು ಉಳಿಯುತ್ತೋ ಹೋಗುತ್ತೋ, ಈ ರಕ್ತ ನೋಡಿ ಮೊದಲೇ ಹೇಳೋ ಹಾಗಾಗ್ಲಿ. ಬೇಗ ಆಗ್ಲಿ. ಅಕ್ಕಂಗೆ ಇನ್ನೊಂದು ಮಂಡಿ ಬಾಕಿ ಇದೆ. ನಾನು ಹೂಂ ಅಂದ್ರೆ ಅವಳು ಮತ್ತೆ ಬಂದು ಮಲಗಿಬಿಡ್ತಾಳೆ."