ಮೂರನೇ ಗೇರಿನ ಏರು

ನಮ್ಮತ್ತೆ ಸಿದ್ದಗಂಗಮ್ಮ ಕಾರು ಓಡಿಸುವುದನ್ನು ಬಿಟ್ಟದ್ದು ನನ್ನಿಂದ. ವಯಸ್ಸಾಯಿತು, ಕಾಲು ಸೋತಿತು, ಅದಕ್ಕೇ ಬಿಟ್ಟರು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅತ್ತೆಯೂ ಹಾಗೇ ನಂಬಿಕೊಂಡಿದ್ದರು. ನಿಜ ಅದಲ್ಲ. ಕಾರಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಲು ಹೋದ ದಿನ, ಅವರಿಗೆ ತಿಳಿಯದಂತೆ, ಆ ಕಾರಿನ ಓಟವನ್ನೇ ಕಟ್ಟಿಹಾಕಿಸಿದವಳು ನಾನು. ಆಮೇಲೆ ಅವರು ತಮ್ಮ ಕಾಲನ್ನೇ ಬೈದುಕೊಳ್ಳುವುದನ್ನು ನೋಡುತ್ತಾ — ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ಇದನ್ನು ಹೇಳುವ ಮೊದಲು ಅತ್ತೆ ಎಂಥವರು ಅಂತ ಹೇಳಬೇಕು. ಇಲ್ಲದಿದ್ದರೆ ನಾನು ಅವರಿಂದ ಕಿತ್ತುಕೊಂಡದ್ದು ಏನು ಅಂತ ನಿಮಗೆ ಗೊತ್ತಾಗುವುದಿಲ್ಲ.

ನನ್ನ ತವರು ಅರಳಗುಪ್ಪೆ. ಮದುವೆಯಾಗಿ ಚಿಕ್ಕನಾಯಕನಹಳ್ಳಿ ಕಡೆಯ ಈ ಊರಿಗೆ ಬಂದಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾವ ಆಗಲೇ ತೀರಿಕೊಂಡಿದ್ದರು. ತೋಟ, ಆಳುಕಾಳು, ತಿಪಟೂರಿನ ಕೊಬ್ಬರಿ ಮಂಡಿಯ ವ್ಯವಹಾರ ಎಲ್ಲವೂ ಅತ್ತೆಯ ಕೈಲಿತ್ತು. ಮದುವೆ ಮುಗಿಸಿ ನಮ್ಮನ್ನು ಮನೆಗೆ ಕರೆತಂದದ್ದೂ ಅವರೇ — ಮಾವ ಬಿಟ್ಟುಹೋಗಿದ್ದ ಹಳೇ ಜೀಪಿನಲ್ಲಿ. ಮುಂದೆ ಸ್ಟೇರಿಂಗ್ ಹಿಡಿದು ಅಮ್ಮ, ಹಿಂದೆ ಬಾಸಿಂಗ ಕಟ್ಟಿಕೊಂಡ ಮಗ. ನಮ್ಮ ಚಿಕ್ಕಮ್ಮ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಾ ನಿಂತಿದ್ದರು. ನನ್ನ ಗಂಡ ಮಹೇಶ್ ಸ್ಕೂಲ್ ಮೇಷ್ಟ್ರು, ಒಳ್ಳೆಯ ಮನುಷ್ಯ. ಆದರೆ ಗಾಡಿ ಹತ್ತಿದರೆ ಊರು ದಾಟುವ ಮೊದಲೇ ಗೊರಕೆ. ಅವತ್ತೂ ಮಲಗಿಯೇ ಬಂದರು.

ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ ಅತ್ತೆ ಜೀಪು ಮಾರಿ ಹೊಸ ಡೀಸೆಲ್ ಕಾರು ತಂದರು. ಅವರು ಓಡಿಸುವುದನ್ನು ನೀವು ನೋಡಬೇಕಿತ್ತು. ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳುವರು, ಸೆರಗು ಸೊಂಟಕ್ಕೆ ಸಿಕ್ಕಿಸುವರು, ಬರಿಗಾಲಲ್ಲೇ ತುಳಿಯುವರು. ತೆಂಗಿನ ಸಾಲಿನ ನಡುವೆ ರಿವರ್ಸ್ ಬಂದರೆ ಒಂದು ಗರಿಯೂ ಕಾರಿಗೆ ತಾಗುತ್ತಿರಲಿಲ್ಲ. ದಾರಿಯಲ್ಲಿ ತಲೆಹೊರೆ ಹೊತ್ತ ಹೆಂಗಸು ಕಂಡರೆ ನಿಲ್ಲಿಸದೆ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ನಮ್ಮ ಊರ ಮುಂದೆ ಒಂದು ಏರು ಇದೆ. ಎಂಥೆಂಥ ಡ್ರೈವರ್‌ಗಳೂ ಅಲ್ಲಿ ಎರಡನೇ ಗೇರಿಗೆ ಇಳಿಯುತ್ತಾರೆ. ಅತ್ತೆ ಮಾತ್ರ, ಕಾರಿನ ತುಂಬ ಜನ ಇದ್ದರೂ, ಕೆಳಗಿನಿಂದಲೇ ಓಟ ಕಟ್ಟಿಕೊಂಡು ಮೂರನೇ ಗೇರಿನಲ್ಲೇ ಮೇಲೆ ಮುಟ್ಟಿಸುತ್ತಿದ್ದರು. ಮುಟ್ಟಿಸಿ, ಪಕ್ಕದವರ ಮುಖ ಒಂದು ಸಲ ನೋಡುತ್ತಿದ್ದರು. ಆ ಜಂಬ ಅವರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು!

ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. ಬೈಯುತ್ತಾ, ತಮಾಷೆ ಮಾಡುತ್ತಾ ಕಲಿಸಿದರು. “ಬರೀ ಕಣ್ಣಲ್ಲಿ ಓಡುಸ್ಬ್ಯಾಡ ಕಣೇ, ಕಿವೀನೂ ಕೊಡು” ಅನ್ನುತ್ತಿದ್ದರು. ಅವರ ಕಿವಿ ಅಂಥದ್ದು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ನೋಡಲು ಕಾಯಿಯನ್ನು ಒಡೆಯುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಅತ್ತೆ ಒಂದು ಸಲ ಅಲ್ಲಾಡಿಸಿ ಪಕ್ಕಕ್ಕಿಟ್ಟ ಕಾಯಿ ತಪ್ಪಾದದ್ದೇ ಇಲ್ಲ. ಕಾರಿನ ಬಾನೆಟ್ಟಿಗೂ ಹಾಗೇ ಕಿವಿ ಕೊಡುತ್ತಿದ್ದರು. ಸದ್ದು ಸರಿಯಿದ್ದರೆ ಒಳಗೂ ಎಲ್ಲ ಸರಿ ಎಂಬುದು ಅವರ ಲೆಕ್ಕ. ಈ ನಂಬಿಕೆಯೇ ಮುಂದೆ ನನಗೆ ಅನುಕೂಲವಾಯಿತು.

ಅವರು ಜೋರಾಗಿ ಓಡಿಸುತ್ತಿದ್ದರು, ಅದು ಸುಳ್ಳಲ್ಲ. ಮಗಳು ಚೈತ್ರ ಆಗ ಒಂದನೇ ಕ್ಲಾಸು. ಅಜ್ಜಿಯ ಪಕ್ಕದ ಸೀಟು ಬಿಟ್ಟರೆ ಅವಳಿಗೆ ಬೇರೆ ಸೀಟೇ ಬೇಡ. ಒಂದು ದಿನ ಅಮ್ಮಸಂದ್ರದ ಹತ್ತಿರ, ಸಿಮೆಂಟ್ ಲಾರಿಯೊಂದನ್ನು ಅತ್ತೆ ಒಂದೇ ಉಸಿರಿಗೆ ಹಿಂದೆ ಹಾಕಿದರು. ಮಗು ಚಪ್ಪಾಳೆ ತಟ್ಟಿತು. ಹಿಂದೆ ಕೂತಿದ್ದ ನನ್ನ ಜೀವ ಬಾಯಿಗೆ ಬಂದಿತ್ತು. ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. “ನಮ್ಮಮ್ಮಂಗೆ ನಾನು ಹೇಳೋದಾ? ನೀನೇ ಹೇಳ್ಬುಡು” ಅಂತ ಪೇಪರ್ ಬಿಡಿಸಿಕೊಂಡರು.

ನಾನು ಹೇಳಲಿಲ್ಲ. ಭಯ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಭಯ ಇತ್ತು — ಆದರೆ ಅದೊಂದೇ ಅಲ್ಲ. ನಾನೂ ಲೈಸೆನ್ಸ್ ಮಾಡಿಸಿಕೊಂಡಿದ್ದೆ, ಕೀ ಮಾತ್ರ ಯಾವತ್ತೂ ಅವರ ಸೊಂಟದಲ್ಲೇ. ಮಗಳ ಚಪ್ಪಾಳೆಯೂ ಅವರಿಗೇ. ಅಷ್ಟು ಮೆಚ್ಚಿಕೊಂಡವರ ಮೇಲೇ ಒಳಗೊಳಗೆ ಹೊಟ್ಟೆ ಉರಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಒಪ್ಪಿಕೊಳ್ಳಲಿಲ್ಲ.

ಅಷ್ಟರಲ್ಲಿ ಕಾರು ಕೊಂಡಿದ್ದ ಕಡೆಯಿಂದ ಫೋನ್ ಬಂತು. ಇಂಜಿನ್ನಿನ ಸಾಫ್ಟ್‌ವೇರ್ ಹೊಸದು ಬಂದಿದೆ, ಹೊಗೆ ಕಮ್ಮಿಯಾಗುತ್ತದೆ, ತುಮಕೂರಿಗೆ ತಂದರೆ ಹಾಕಿಕೊಡುತ್ತೇವೆ ಅಂದರು. ಅತ್ತೆಗೆ ನಗು. “ಕಾರಿಗೂ ಪಾಠ ಹೇಳ್ಕೊಡ್ತಾರಾ? ಹೇಳ್ಕೊಡ್ಲಿ ಬುಡು, ನಮ್ ಮೇಷ್ಟ್ರುಗಿಂತ ಚೆನ್ನಾಗ್ ಕಲಿಯುತ್ತೆ” ಅಂದರು. ಮೇಷ್ಟ್ರು ಪೇಪರಿನ ಹಿಂದಿನಿಂದ ತಲೆ ಎತ್ತಲಿಲ್ಲ.

ತುಮಕೂರಿನಲ್ಲಿ ಕಾರು ಒಳಗೆ ಬಿಟ್ಟು, ಆಸ್ಪತ್ರೆಯಲ್ಲಿದ್ದ ನೆಂಟರೊಬ್ಬರನ್ನು ನೋಡಿಕೊಂಡು ಬರುತ್ತೇನೆಂದು ಅತ್ತೆ ಆಟೋ ಹತ್ತಿದರು. ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಕೂತಿದ್ದವನು ನಯಾಜ್, ತಿಪಟೂರಿನಲ್ಲಿ ನನ್ನ ಜೊತೆ ಪಿಯುಸಿ ಓದಿದವನು. ಅದೂ ಇದೂ ಮಾತಾಡುತ್ತಾ ಕೇಳಿಬಿಟ್ಟೆ: ಇದರಲ್ಲೇ ಸ್ಪೀಡು ಕಮ್ಮಿ ಮಾಡೋಕಾಗುತ್ತಾ?

“ಆಗುತ್ತೆ ಕಣ್ರೀ. ಟ್ರಾವೆಲ್ಸ್‌ನೋರು ಅವರ ಡ್ರೈವರ್‌ಗಳಿಗೆ ಅಂತ ಹಾಕಿಸ್ಕೊಂಡು ಹೋಗ್ತಾರೆ. ಎಷ್ಟು ತುಳಿದ್ರೂ ಅರವತ್ತು ದಾಟಲ್ಲ. ಪಿಕಪ್ಪೂ ಸತ್ತೋಗುತ್ತೆ” ಅಂದ. ಹಾಕು ಅಂದೆ. ಅವನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ.

“ಓಡಿಸೋರಿಗೆ ಹೇಳಿದೀರಾ?”

“ಹ್ಞೂ. ಹೇಳಿದೀನಿ.”

ಅಷ್ಟೇ. ಎರಡು ಮಾತು. ಅವನು ನಂಬಿದ. ಹೊರಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ವಾಪಸ್ಸು ಬರುವಾಗ ಗುಬ್ಬಿ ಬರುವ ಮೊದಲೇ ಅತ್ತೆಗೆ ಗೊತ್ತಾಯಿತು. ತುಳಿದರು, ಬಿಟ್ಟರು, ಮತ್ತೆ ತುಳಿದರು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ ಬಹಳ ಹೊತ್ತು ಕಿವಿ ಕೊಟ್ಟರು. ಇಂಜಿನ್ ಎಂದಿನಂತೆ ಚೊಕ್ಕವಾಗಿ ಸದ್ದು ಮಾಡುತ್ತಿತ್ತು. ನಾನು ಹಾಕಿಸಿದ್ದಕ್ಕೆ ಸದ್ದೇ ಇಲ್ಲವಲ್ಲ. ಊರ ಮುಂದಿನ ಏರಿನಲ್ಲಿ ಮೂರನೇ ಗೇರಿನಲ್ಲಿದ್ದ ಕಾರಿಗೆ ಅರ್ಧಕ್ಕೇ ಉಸಿರು ಕಟ್ಟಿತು. ಎರಡಕ್ಕೆ ಇಳಿಸಿದರು. ನನ್ನ ಮುಖ ನೋಡಲಿಲ್ಲ.

ಮನೆಯಲ್ಲಿ ಒಂದು ಸಲ ಕೇಳಿದರು. “ಅವತ್ತು ಅದೇನೋ ಹಾಕಿದ್ರಲ್ಲ ಉಮಾ, ಅದ್ರಿಂದೇನಾರ ಇಂಗಾಗಿರ್‌ಬೋದಾ?”

ನಿಜ ಹೇಳಲು ಅವರೇ ಬಾಗಿಲು ತೆರೆದಿದ್ದರು — ಅಲ್ಲೇ ಹೇಳಬಹುದಿತ್ತು. “ಇಲ್ಲ ಅತ್ತೆ, ಅದು ಬರೀ ಹೊಗೆ ಕಮ್ಮಿ ಮಾಡೋಕೆ” ಅಂದೆ.

“ಓದಿರೋಳು ನೀನು, ನೀನೇಳಿದ್ಮೇಲೆ ಸರಿ ಬುಡು” ಅಂದರು. “ಸದ್ದೂ ಸರ್ಯಾಗೇ ಐತೆ. ನನ್ ಕಾಲ್ಗೇ ಏನೋ ಆಗೈತೆ.”

ಅಲ್ಲಿಂದ ಶುರುವಾಯಿತು ಕಾಲಿನ ಔಷಧಿ. ಬಲಗಾಲಿನ ಮಂಡಿಗೆ ಎಣ್ಣೆ ತಿಕ್ಕಿ, ಹರಳೆಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದರು. ಡಾಕ್ಟರು ಏನೂ ಇಲ್ಲ ಅಂದರೆ ಇವನಿಗೇನು ಗೊತ್ತು ಅಂದರು. ಆ ಎಣ್ಣೆಯನ್ನು ದಿನಾ ಬಿಸಿ ಮಾಡಿಕೊಟ್ಟವಳು ನಾನು. ಇಲ್ಲದ ನೋವಿಗೆ ಎಣ್ಣೆ ಕಾಯಿಸುತ್ತಾ, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ಕಾರು ನಿಧಾನವಾಗಿತ್ತು, ಮಗಳು ಸುರಕ್ಷಿತ ಅಂತಲೂ ಅಂದುಕೊಂಡೆ.

ಅದೂ ಸುಳ್ಳಾಯಿತು. ಮತ್ತೆ ಅದೇ ಅಮ್ಮಸಂದ್ರದ ರಸ್ತೆ, ಮತ್ತೆ ಸಿಮೆಂಟ್ ಲಾರಿ, ಅಜ್ಜಿಯ ಪಕ್ಕದ ಸೀಟಿನಲ್ಲಿ ಚೈತ್ರ. ಎದುರಿಗೆ ಬಸ್ಸು ದೂರದಲ್ಲಿತ್ತು. ಕಾರು ಮೊದಲಿನಂತಿದ್ದರೆ ಎರಡು ಸಲ ದಾಟಬಹುದಿತ್ತು. ಅತ್ತೆ ಬಲಕ್ಕೆ ತೆಗೆದುಕೊಂಡು ತುಳಿದರು. ಕಾರು ಏಳಲೇ ಇಲ್ಲ. ಲಾರಿಯ ಪಕ್ಕದಲ್ಲೇ ತೆವಳಿತು, ಬಸ್ಸು ಹಾರ್ನ್ ಹೊಡೆಯುತ್ತಾ ಮೇಲೆ ಬಂತು. ಬೇರೆ ಯಾರೇ ಆಗಿದ್ದರೂ ಮುಗಿಯುತ್ತಿತ್ತು. ಅತ್ತೆ ಬ್ರೇಕ್ ಒತ್ತಿ, ಲಾರಿಯ ಹಿಂದೆ ಇದ್ದ ಅಷ್ಟೇ ಅಷ್ಟು ಜಾಗಕ್ಕೆ ಕಾರನ್ನು ತಂದು ಸೇರಿಸಿದರು. ನನ್ನ ಮಗಳನ್ನು ಉಳಿಸಿದ್ದು ಅವರ ಕಾಲು, ಅವರ ಕೈ. ಅಪಾಯಕ್ಕೆ ತಂದದ್ದು ನಾನು.

ಪಕ್ಕದ ಹುಣಸೆ ಮರದ ಕೆಳಗೆ ನಿಲ್ಲಿಸಿದರು. ಬಲಮಂಡಿಯನ್ನು ಒತ್ತಿ ನೋಡಿಕೊಂಡರು. ಆಮೇಲೆ ಕೀ ತೆಗೆದು ನನ್ನ ಕಡೆ ಚಾಚಿದರು.

“ನನ್ ಕಾಲು ಸೋತೋಯ್ತು ಕಣೇ ಉಮಾ. ಮಗೀನ ಕೂರುಸ್ಕಂಡು ಇನ್ನು ನಾನು ಓಡುಸಲ್ಲ. ಇಕಾ, ನೀನೇ ಓಡ್ಸು.”

ನಾನು ಕೀ ಈಸಿಕೊಂಡೆ.

ಇಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಮುಂದಿನ ಸರ್ವೀಸಿಗೆ ತುಮಕೂರಿಗೆ ಹೋದಾಗ ನಯಾಜ್‌ಗೆ ಹೇಳಿ ಆ ಕಟ್ಟನ್ನು ಬಿಚ್ಚಿಸಿದೆ. ಯಾಕೆ ಅಂತ ಕೇಳಿದ. ಈಗ ನಾನೇ ಓಡಿಸುವುದು ಅಂದೆ. ಅವನು ಕೆಲಸ ಮಾಡಿಕೊಟ್ಟ. ಆ ವಾರ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವಾಗ, ಊರ ಮುಂದಿನ ಏರನ್ನು ಕಾರು ಮೂರನೇ ಗೇರಿನಲ್ಲೇ ಹತ್ತಿಬಿಟ್ಟಿತು. ನಾನು ಅವರ ಮುಖ ನೋಡುವ ಮೊದಲೇ ಅವರು ನನ್ನ ಮುಖ ನೋಡಿ ನಕ್ಕರು. “ನೋಡ್ದಾ? ಕಾರಲ್ಲೇನೂ ಇಲ್ಲ. ನಿನ್ ಕಾಲು ಗಟ್ಟಿ ಕಣೇ” ಅಂದರು. ಎಷ್ಟು ಮನಸಾರೆ ಅಂದರು! ಕೊಬ್ಬರಿ ಮಂಡಿಯಲ್ಲಿ, ಮದುವೆ ಮನೆಯಲ್ಲಿ, ಹಾಲಿನ ಡೈರಿ ಮುಂದೆ ಅದನ್ನೇ ಹೇಳಿಕೊಂಡು ಬಂದರು — ನನ್ ಕಾಲು ಸೋತೋಯ್ತು, ನಮ್ ಸೊಸೆ ನನ್ನ ಮೀರ್ಸುದ್ಲು ಅಂತ. ಜನ ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಈಗ ಚೈತ್ರ ಕಾಲೇಜು ಮುಗಿಸಿ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಹೋದ ತಿಂಗಳು ಅಜ್ಜಿಯನ್ನು ಹೇಳಿಕೊಡು ಅಂತ ಕೇಳಿದಳು. ಅತ್ತೆಗೆ ಈಗ ನಿಜವಾಗಿಯೂ ಮಂಡಿನೋವು, ಕೋಲು ಹಿಡಿದು ಓಡಾಡುತ್ತಾರೆ. “ನಿಮ್ಮಮ್ಮನ ಹತ್ರ ಕಲಿ ಮಗಾ. ನನ್ ಕೈಲಿ ಕೊನೆಗೆ ನಮ್ಮೂರ ಏರೂ ಹತ್ತುಸಕ್ಕಾಗ್ಲಿಲ್ಲ” ಅಂದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಇನ್ನು ತಡೆಯಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಹಜಾರದಲ್ಲಿ ಕಾಯಿ ನೋಡುತ್ತಾ ಕೂತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ತುಮಕೂರು, ನಯಾಜ್ ಕೇಳಿದ ಮಾತು, ನಾನು ಹೇಳಿದ ಸುಳ್ಳು, ಆಮೇಲೆ ಬಿಚ್ಚಿಸಿದ್ದು, ಎಲ್ಲ. ಅವರ ಕೈಲಿದ್ದ ಕಾಯಿ ಕಿವಿಯ ಹತ್ತಿರವೇ ನಿಂತಿತ್ತು.

“ಅಂಗಾದ್ರೆ ನನ್ ಕಾಲು ಸರ್ಯಾಗೇ ಇತ್ತು” ಅಂದರು.

“ಸರಿಯಾಗಿತ್ತು ಅತ್ತೆ.”

“ಏರು — ಮೂರ್ನೇ ಗೇರಲ್ಲೇ…”

“ಹತ್ತೋದು.”

ಕಾಯಿ ಕೆಳಗಿಟ್ಟರು. ಬಲಗಾಲನ್ನು ಮುಂದೆ ಚಾಚಿ, ಸೀರೆ ಸರಿಸಿ, ಆ ಬರಿಗಾಲನ್ನೇ ನೋಡುತ್ತಾ ಕೂತರು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಧಾನ್ವಾಗ್ ಓಡ್ಸಿ ಅತ್ತೆ ಅಂದಿದ್ರೆ ಓಡುಸ್ತಿರ್‌ಲಿಲ್ವೇನೇ ನಾನು? ಬಾಯ್ಬುಟ್ಟು ಒಂದ್ ಮಾತು ಕೇಳಕ್ಕೇನಾಗಿತ್ತು ನಿಂಗೆ?”

ಅವರು ಕೆಳಗಿಟ್ಟ ಕಾಯಿಯನ್ನು ಎತ್ತಿ ರಾಶಿಗೆ ಸೇರಿಸಿದೆ.

“ಕಾಲು ಸೋತೋಯ್ತು ಅಂತ ಊರ್ಗೆಲ್ಲಾ ನಾನೇ ಹೇಳ್ಕಂಡು ಬಂದೆ. ಅಲ್ಲ ಅಂತ ಈಗ ನೀನು ಹೇಳ್ಕಂಡು ಬಾ” ಅಂದರು. ನಗಲಿಲ್ಲ. ಕೋಲು ಊರಿಕೊಂಡು ಎದ್ದು ಒಳಗೆ ಹೋದರು. ಅವತ್ತಿನಿಂದ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ. ಅದು ಅವರ ಹಕ್ಕು.

ಊರಿನ ಮನೆಗಳಿಗೆ ಹೋಗಿ ಹೇಳಿದ್ದೇನೆ. ಡೈರಿಯ ಮುಂದೆ ನಿಂತು ಹೇಳಿದ್ದೇನೆ. ಕೆಲವರು ಈಗಿಲ್ಲ, ಕೆಲವರು ಬೇರೆ ಊರು ಸೇರಿದ್ದಾರೆ, ಅವರಿಗೆ ಹೇಗೆ ಮುಟ್ಟಿಸಲಿ? ಅದಕ್ಕೇ ಇದನ್ನು ಬರೆದೆ. ಅವರ ಜೀಪಿನಲ್ಲಿ, ಅವರ ಕಾರಿನಲ್ಲಿ ಯಾವತ್ತಾದರೂ ಹತ್ತಿ ಇಳಿದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ತಿಳಿದುಕೊಳ್ಳಿ: ನಮ್ಮತ್ತೆ ಸಿದ್ದಗಂಗಮ್ಮನವರ ಕಾಲು ಸೋತಿರಲಿಲ್ಲ.