ನೋಟಿಗೊಬ್ಬ ಮಹಿಳೆ

ಇದು ಹೋದ ವರ್ಷ ಮಾರ್ಚ್ ಮೊದಲ ವಾರ ನಡೆದದ್ದು. ನಾಸಿಕ್‌ನ ನಮ್ಮ ಕನ್ನಡ ಬಳಗ ಮಹಿಳಾ ದಿನಕ್ಕೆ ತಿಂಡಿ ಮೇಳ ಇಟ್ಟುಕೊಂಡಿತ್ತು. ಅಂಗಡಿಗಳಲ್ಲಿ ಕೊಡಲು ನೋಟಿನಂಥ ಕೂಪನ್ ಮಾಡುವ ಕೆಲಸ ನನ್ನದು. ಅವುಗಳ ಮೇಲೆ ಇತಿಹಾಸದ ಹೆಂಗಸರ ಮುಖವೇ ಇರಬೇಕೆಂದು ಹಟ ಹಿಡಿದವಳೂ ನಾನೇ. ಹತ್ತರ ಮೇಲೆ ಅಕ್ಕಮಹಾದೇವಿ, ಐವತ್ತರ ಮೇಲೆ ಕಿತ್ತೂರು ಚೆನ್ನಮ್ಮ. ಸಂಜೆಯೊಳಗೆ ಪ್ರೆಸ್ಸಿಗೆ ಕಳಿಸಬೇಕಿತ್ತು. ಬಳಗದ ಅಧ್ಯಕ್ಷೆ, ಬೀದರಿನ ಶಾಂತಾ ಕಾಕು, ಮಾದರಿ ನೋಡಿದವರೇ ಅಡ್ಡಡ್ಡ ತಲೆಯಾಡಿಸಿದರು.

“ಬ್ಯಾಡ ಬೇಟಾ. ಮಂದಿ ಎಂಜಲು ಹಚ್ಚಿ ನೋಟು ಎಣಸ್ತಾರ. ಅಕ್ಕನ ಮಾರಿಗೆ ಎಂಜಲೇನು?”

“ಹಂಗಾದ್ರ ಎಲ್ಲಾದಕ್ಕೂ ಚೆನ್ನಮ್ಮನ್ನ ಹಾಕ್ಲೇನ್ರಿ?”

“ರಾಣೀನ್ನ ಮಡಚಿ ಹಿಂದಿನ ಕಿಸೇದಾಗ ಇಟ್ಟು, ಮ್ಯಾಲ ಕುಂಡರ್ತಾರ!”

“ಖರೇ ನೋಟಿನ ಮ್ಯಾಲಿನ ಅಜ್ಜಾರಿಗೂ ಹಿಂಗೇ ಮಾಡ್ತಾರಲ್ರಿ, ಕಾಕು?”

“ಅಜ್ಜಾರಿಗೆ ರೂಢಿ ಆಗ್ಯಾದ.”

ಅಷ್ಟರಲ್ಲಿ ಪ್ರೆಸ್ಸಿನವನು ಮತ್ತೆ ಫೋನ್ ಮಾಡಿದ. ಎರಡೂ ನೋಟುಗಳ ಮೇಲೆ ನಾಸಿಕ್ ಪಕ್ಕದ ಲಾಸಲಗಾಂವ್ ಸಂತೆಯ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಚಿತ್ರ ಹಾಕಿ ಕಳಿಸಿಬಿಟ್ಟೆ. ಭಾಳ ಚಲೋ ಕಾಣ್ತದ ಎಂದರು ಕಾಕು.

ಮಹಿಳಾ ದಿನಕ್ಕೆ ಅಚ್ಚಾದ ನೋಟು ಆರುನೂರು. ಅವುಗಳ ಮೇಲಿದ್ದ ಮಹಿಳೆಯರ ಸಂಖ್ಯೆ ಸೊನ್ನೆ.